ಹಿಡಿಜೋಳದ ಮಡಕೆ

ಮಕ್ಕಳೇ, ರೂತಾ, ದಾನಿ, ಇವತ್ತು ಜೋಳ ಹಸನು ಮಾಡುವಾಗ ಬಂದ ಹೊಟ್ಟಿನ ವಾಸನೆಗೆ ಹಳೆಯದೊಂದು ನೆನಪಾಗಿ, ಮೊರ ಕೆಳಗಿಟ್ಟು ಇದನ್ನು ಬರೆಯಲು ಕುಳಿತೆ.

ನಾನು ಚಿಕ್ಕವಳಿದ್ದಾಗ, ಅದು ಬರದ ವರ್ಷ. ಅಪ್ಪ, ಅವ್ವ ಕೂಲಿಗೆಂದು ಹೈದರಾಬಾದಿಗೆ ಹೋಗಿದ್ದರು. ನಮ್ಮೂರು ಠಾಣಾ ಕುಶನೂರಿನಲ್ಲಿ ನಾನು, ಅಜ್ಜಿ ಇಬ್ಬರೇ. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡಿ, ರೊಟ್ಟಿಯ ಜೋಳದಿಂದ ಒಂದು ಹಿಡಿ ತೆಗೆದು ದೇವರ ಮಡಕೆಗೆ ಹಾಕುವುದು ನನ್ನ ಕೆಲಸ. ಭಾನುವಾರ ಅದನ್ನು ಚರ್ಚಿನಲ್ಲಿ ಕಣ್ಣು ಕಾಣದ ಮರಿಯಮ್ಮನಿಗೆ ಕೊಡುತ್ತಿದ್ದೆವು. ಆ ವಾರವೆಲ್ಲ ನಾನು ಕೌದಿಯೊಳಗೇ ಮಲಗಿ, "ಹಾಕೀನಿ ಅಜ್ಜಿ" ಎಂದು ಸುಳ್ಳು ಹೇಳಿದೆ. ಶನಿವಾರ ಹೆದರಿಕೆಯಾಗಿ ಮಡಕೆಗೆ ಹೊಟ್ಟು ತುಂಬಿ, ಮೇಲೊಂದು ಹಿಡಿ ಜೋಳ ಹರಡಿದೆ.

ಭಾನುವಾರ ಅಜ್ಜಿ ಮಡಕೆ ಎತ್ತಿದವಳು, ಅದು ಹಗುರವೆನಿಸಿ ಹಾಗೇ ನಿಂತಳು. ಒಳಗೆ ಕೈ ಇಳಿಸಿದಳು.

"ದೇವ್ರು ದನ ಏನ, ಹೊಟ್ಟು ತಿನ್ಲಿಕ್ಕಿ?"

ಹೊಡೆಯಲಿಲ್ಲ. ಹೊಟ್ಟು ಚೆಲ್ಲಿ, ನಮ್ಮ ಎರಡು ದಿನದ ಜೋಳವನ್ನು ಮಡಕೆಗೆ ಸುರುವಿದಳು. "ಹೊರು" ಎಂದಳು.

ಚರ್ಚಿನಲ್ಲಿ ಮರಿಯಮ್ಮ ಮಡಕೆಯೊಳಗೆ ಕೈಯಾಡಿಸಿದಳು. ಆ ಬೆರಳುಗಳು ತಳ ಮುಟ್ಟುವವರೆಗೂ ನಾನು ಉಸಿರು ಬಿಡಲಿಲ್ಲ.

"ದಿನಾ ತಪ್ಪದ ಹಾಕ್ಯಾಳ ನೋಡ್ರಿ, ಭಾಳ ಚುರುಕ ಹುಡುಗಿ!"

ಅಜ್ಜಿ ಎಲ್ಲರೆದುರು ಹೇಳಿಬಿಡುತ್ತಾಳೆಂದು ನಾನು ಕಣ್ಣು ಮುಚ್ಚಿದೆ.

"ನಾಳಿಂದ ಇನ್ನಾ ಚುರುಕ ಆಗ್ತಾಳರಿ" ಎಂದಳು ಅಜ್ಜಿ.

ಮಧ್ಯಾಹ್ನ ಒಲೆ ಹಚ್ಚಲಿಲ್ಲ. ಇದ್ದ ಒಂದು ತಂಗಳು ರೊಟ್ಟಿಯನ್ನು ನನ್ನ ಮುಂದಿಟ್ಟು, ತಾನು ತಂಬಿಗೆ ನೀರು ಕುಡಿದಳು.

"ನಿನಗ, ಅಜ್ಜಿ?"

"ನನಗ ಹಸಿವಿಲ್ಲ. ತಿನ್ನು, ನಾಳಿ ಲಗೂನ ಏಳಬೇಕು."

ಈ ಹಾಳೆಗಳನ್ನು ಅದೇ ಮಡಕೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಹಿಡಿ ಹಾಕುವಾಗ ಇವಕ್ಕೂ ಹುಳ ಹಿಡಿಯದಂತೆ ನೋಡಿಕೊಳ್ಳಿ.