ಹಲ್ಲು ನೋಡದ ಗಿರಾಕಿ

“ಕೊಳ್ಳೋನು ಯಾರು? ಮೊದಲು ಅದನ್ನ ಹೇಳು,” ಎಂದರು ಶಾಂತವೀರಪ್ಪ, ಕೋಲನ್ನು ಮಹಾಂತೇಶನ ಮೇಜಿಗೆ ಒರಗಿಸುತ್ತ.

“ಹೆಸರು ಹೇಳೋ ಹಾಗಿಲ್ಲ ಯಜಮಾನ್ರೇ. ನೀವೂ ದಲ್ಲಾಳಿ ಕೆಲಸ ಮಾಡಿದೋರು. ಟವಲ್ ಕೆಳಗೆ ಬೆರಳು ಹಿಡಿದದ್ದನ್ನ ಎಂದಾದ್ರೂ ಹೊರಗೆ ಬಾಯಿ ಬಿಟ್ಟಿದ್ದೀರಾ?”

ಶಿಕಾರಿಪುರದ ದನದ ಸಂತೆಯಲ್ಲಿ ಮೂವತ್ತೈದು ವರ್ಷ ದಲ್ಲಾಳಿಯಾಗಿದ್ದವರು ಶಾಂತವೀರಪ್ಪ. ಟವಲಿನಡಿ ಬೆರಳು ಮುಟ್ಟಿ ಗುಟ್ಟಾಗಿ ದರ ಕುದುರಿಸಿ ಸಾವಿರಾರು ಜೋಡಿ ಎತ್ತು ಮಾರಿಸಿದ್ದರು. ಒಬ್ಬನ ಗುಟ್ಟನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟವರಲ್ಲ.

ಈಗ ಮಾರಾಟಕ್ಕಿದ್ದದ್ದು ಎತ್ತಲ್ಲ, ಷೇರು. ಹಸುವಿನ ಕೊರಳಿಗೆ ಕಟ್ಟಿದರೆ ಜ್ವರ, ಬೆದೆ ಎಲ್ಲವನ್ನೂ ಯಜಮಾನನ ಮೊಬೈಲಿಗೆ ತಿಳಿಸುವ ಯಂತ್ರ ಮಾಡುವ ಪುಟ್ಟ ಕಂಪನಿಯದು. ದನದ ವಿಷಯದಲ್ಲಿ ನನಗೆ ತಿಳಿಯದ್ದೇನಿದೆ ಎಂದು ಎರಡು ವರ್ಷದ ಹಿಂದೆ ನೂರು ರೂಪಾಯಿಯಂತೆ ಸಾವಿರ ಷೇರು ಕೊಂಡಿದ್ದರು. ಕಂಪನಿ ಇನ್ನೂ ಷೇರುಪೇಟೆಗೆ ಬಂದಿರಲಿಲ್ಲ. ಕೊಡುವವರನ್ನೂ ಕೊಳ್ಳುವವರನ್ನೂ ಗಂಟುಹಾಕುವುದು ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮಹಾಂತೇಶನಂಥವರ ಕೆಲಸ.

ಆಷಾಢದಲ್ಲಿ ಅವರು ಮಾರಲು ಬಂದಾಗ ತೊಂಬತ್ತಕ್ಕೂ ಕೇಳುವವರಿರಲಿಲ್ಲ. ಮಾರಬೇಕಾಗಿದ್ದದ್ದು ಸೊಂಟಕ್ಕಾಗಿ. ಎಡಗಡೆಯ ಕೀಲು ಸವೆದುಹೋಗಿತ್ತು. ದೀಪಾವಳಿಯೊಳಗೆ ಬದಲಿಸದಿದ್ದರೆ ಹಾಸಿಗೆಯೇ ಗತಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಖರ್ಚು ನಾಲ್ಕು ಲಕ್ಷ. “ನಾವು ಕೊಡ್ತೀವಿ ಅಪ್ಪಾಜಿ,” ಎಂದು ಸೊರಬದಲ್ಲಿದ್ದ ಮಗಳು ಅಶ್ವಿನಿ ಹೇಳಿದ್ದಕ್ಕೆ ಎರಡು ದಿನ ಊಟ ಬಿಟ್ಟರು. ಹೆಣ್ಣು ಕೊಟ್ಟ ಮನೆಯ ದುಡ್ಡು ಮುಟ್ಟುವುದಿರಲಿ, ಅಲ್ಲಿ ಊಟದ ಹೊತ್ತಾದರೂ ಎಲೆಯ ಮುಂದೆ ಕೂರದೆ ಬಸ್ ಹತ್ತುವವರು. ಆ ಮಾತು ಅಲ್ಲಿಗೇ ನಿಂತಿತು.

ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಒಬ್ಬ ಗಿರಾಕಿ ಹುಟ್ಟಿಕೊಂಡ. ದರ ನಾನೂರು. ಅಷ್ಟೂ ಷೇರು ಬೇಕಂತೆ.

ಬೇರೆ ಯಾರಾದರೂ ಆಗಿದ್ದರೆ ಕೊಟ್ಟು, ಕೈಮುಗಿದು, ನೆಟ್ಟಗೆ ಆಸ್ಪತ್ರೆ ಸೇರುತ್ತಿದ್ದರು. ಶಾಂತವೀರಪ್ಪನವರಿಗೆ ಅನುಭವ ಅಡ್ಡ ಬಂತು. “ಹಲ್ಲು ನೋಡಿ ವಯಸ್ಸೂ ತಿಳ್ಕೊಳ್ಳದೆ ರೇಟು ಏರಿಸ್ತಾನೆ ಅಂದ್ರೆ, ಆ ಎತ್ತಿನ ವಿಷಯ ನಮಗಿಂತ ಅವನಿಗೇ ಜಾಸ್ತಿ ಗೊತ್ತು ಅಂತ ಅರ್ಥ,” ಎಂದರು. ಪರೀಕ್ಷೆಗೆಂದು ಹತ್ತು ಷೇರು ಮಾರಿ ನೋಡಿದರು. ಚಹಾ ಮುಗಿಯುವುದರೊಳಗೆ ದುಡ್ಡು ಬಂತು. ಅನುಮಾನ ಖಾತ್ರಿಯಾಯಿತು. ಮುಂದೆ ಐನೂರಾಯಿತು, ಆರುನೂರೈವತ್ತಾಯಿತು. ಇವರು ಒಲ್ಲೆ ಎಂದಷ್ಟೂ ಅದು ಏರಿತು.

“ಇವತ್ತು ಎಂಟುನೂರು,” ಎಂದ ಮಹಾಂತೇಶ. “ಐನೂರು ಷೇರು ಕೊಟ್ರೂ ಸಾಕಂತೆ. ಆದ್ರೆ ಈ ವಾರದೊಳಗೇ ಆಗಬೇಕಂತೆ.”

“ಏನವಸರ ಅವನಿಗೆ?”

ಮಹಾಂತೇಶ ಗೋಡೆಯ ಕ್ಯಾಲೆಂಡರ್ ನೋಡಿದ. “ದೀಪಾವಳಿ ಹತ್ತಿರ ಬಂತಲ್ರೀ.”

ಲಕ್ಷ್ಮೀಪೂಜೆಯ ಮುಹೂರ್ತಕ್ಕಿರಬೇಕು, ಗಿರಾಕಿ ಭಾರಿ ಕುಳವೇ ಎಂದುಕೊಂಡು ಶಾಂತವೀರಪ್ಪ ಮೆಟ್ಟಿಲಿಳಿದರು. ಹದಿನಾಲ್ಕು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು.

ಮರುದಿನ ಭಾನುವಾರ. ಅಶ್ವಿನಿ ಗಂಡನ ಜೊತೆ ಬಂದಳು. ಅಳಿಯ ಗುರುಪ್ರಕಾಶ್ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಹಾಳೆಯ ತುಂಬ ಲೆಕ್ಕ ಬರೆದು ತಂದಿದ್ದ.

“ನೋಡಿ ಮಾವ, ಒಂದು ಷೇರಿಗೆ ಕಂಪನಿ ವರ್ಷಕ್ಕೆ ದುಡಿಯೋದು ನಾಲ್ಕು ರೂಪಾಯಿ. ಎಂಟುನೂರು ವಾಪಸ್ ಹುಟ್ಟೋಕೆ ಇನ್ನೂರು ವರ್ಷ ಬೇಕು. ಯಂತ್ರ ಹೋಗ್ತಿರೋದು ಎರಡೇ ಜಿಲ್ಲೇಲಿ. ನಾಳೆ ದೊಡ್ಡ ಕಂಪನಿ ಯಾವುದಾದ್ರೂ ಅಂಥದ್ದನ್ನೇ ಅಗ್ಗಕ್ಕೆ ಬಿಟ್ರೆ ಇದರ ಕಥೆ ಮುಗೀತು.”

“ಹಂಗಾದ್ರೆ ಕೊಳ್ಳೋನು ಹುಚ್ಚನೇನ್ರೀ ಅಳಿಯಂದ್ರೇ?”

ಗುರುಪ್ರಕಾಶ್ ಹೆಂಡತಿಯ ಮುಖ ನೋಡಿದ. “ಹುಚ್ಚು ಅಂತ್ಲೇ ಇಟ್ಕೊಳ್ಳಿ ಮಾವ.”

“ಮಾರಿಬಿಡಿ ಅಪ್ಪಾಜಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು ಅಶ್ವಿನಿ. ಕಣ್ಣಲ್ಲಿ ನೀರಿತ್ತು.

ಶಾಂತವೀರಪ್ಪ ಮಗಳ ಕಣ್ಣನ್ನು ನೋಡಲಿಲ್ಲ, ಕೊರಳನ್ನು ನೋಡಿದರು. ಮದುವೆಯಲ್ಲಿ ಹಾಕಿದ್ದ ಎರಡೆಳೆ ಸರ ಇರಲಿಲ್ಲ. ಕೈಯಲ್ಲಿ ಬರೀ ಗಾಜಿನ ಬಳೆ.

“ಸರ ಎಲ್ಲಮ್ಮ?”

“ಪಾಲಿಶ್‌ಗೆ ಕೊಟ್ಟಿದೀನಿ.”

ಸಂತೆಯಲ್ಲಿ ಸುಳ್ಳು ಕೇಳಿ ಕೇಳಿ ಪಳಗಿದ ಕಿವಿ ಅದು. ಮಗಳ ಸಂಸಾರ ಕಷ್ಟದಲ್ಲಿದೆ, ಪಾಪ, ಬಾಯಿ ಬಿಡುತ್ತಿಲ್ಲ ಎಂದು ತಿಳಿದುಕೊಂಡರು. ಬಸ್ ಹತ್ತಿಸಿ ಬಂದವರೇ ಹೆಂಡತಿ ಶಕುಂತಲಮ್ಮನಿಗೆ ತಮ್ಮ ತೀರ್ಮಾನ ತಿಳಿಸಿದರು. ಇದೇ ಓಟ ಓಡಿದರೆ ಎರಡು ವರ್ಷದಲ್ಲಿ ಷೇರು ಎರಡು ಸಾವಿರ ಮುಟ್ಟುತ್ತದೆ. ಒಂದನ್ನೂ ಮಾರುವುದಿಲ್ಲ. ಅಷ್ಟೂ ಮಗಳಿಗೆ.

“ನಿಮ್ಮ ಷೇರಿಗಿಷ್ಟು ಬೆಂಕಿ ಹಾಕ!” ಎಂದು ಶಕುಂತಲಮ್ಮ ಅತ್ತರು. “ನೀವು ಹಾಸಿಗೆ ಹಿಡಿದ್ರೆ ಅದು ಬಂದು ಎತ್ತಿ ಕೂರಿಸುತ್ತಾ?”

“ನಾನು ನಡೆದದ್ದು ಸಾಕು ಕಣೇ. ಅವಳು ನೆಟ್ಟಗಿರಲಿ.”

ಸೋಮವಾರ ಮತ್ತೆ ಹದಿನಾಲ್ಕು ಮೆಟ್ಟಿಲು ಹತ್ತಿದರು. ಉಳಿದ ಒಂಬೈನೂರ ತೊಂಬತ್ತು ಷೇರನ್ನೂ ಮಗಳ ಹೆಸರಿಗೆ ಉಡುಗೊರೆಯಾಗಿ ವರ್ಗಾಯಿಸಲು ಹೇಳಿದರು. ಮಹಾಂತೇಶನ ಪೆನ್ನು ನಿಂತಿತು.

“ಯಜಮಾನ್ರೇ, ಇನ್ನೊಂದ್ಸಲ ಯೋಚನೆ ಮಾಡಿ. ಆಪರೇಷನ್…”

“ಮಾಡಾಯ್ತು. ನಿನ್ನ ಗಿರಾಕಿಗೆ ಹೇಳು, ನಮ್ಮನೆ ಮಾಲು ಅವನ ಕೈಗೆ ಸಿಗೋದಲ್ಲ ಅಂತ.”

ಸಹಿ ಹಾಕಿದರು. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿತ್ತು. ಕೋಲೂರುವ ಸದ್ದು ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಮಹಾಂತೇಶ ಕಾದ. ಆಮೇಲೆ, ಆ ಷೇರಿಗೆ ಮೊದಲಿನಿಂದಲೂ ಇದ್ದ ಒಬ್ಬರೇ ಗಿರಾಕಿಗೆ ಫೋನ್ ಮಾಡಿದ.

“ಅಶ್ವಿನಕ್ಕಾ, ನೀವಿನ್ನು ರೇಟು ಏರಿಸಬೇಡಿ, ಮಾರೋಕೆ ಅಪ್ಪಾಜಿ ಹತ್ರ ಒಂದು ಷೇರೂ ಉಳಿದಿಲ್ಲ.”