ರುಮಾಲಿನವನೂ ಟೋಪಿಯವನೂ

“ತೆಗಿಯಲೇ ಆ ಟೋಪಿ!”

ಚಳ್ಳಕೆರೆಯಿಂದ ಹೊರಟ ಬಸ್ಸಿನಲ್ಲಿ, ತಲೆಗೆ ರುಮಾಲು ಸುತ್ತಿದ್ದ ಕ್ಯಾತಪ್ಪ ಗುಡುಗಿದ. ಪಕ್ಕದಲ್ಲಿ ನಿಂತಿದ್ದ ಯುವಕ ಮೊಣಕಾಲು ಕಾಣುವ ಚಡ್ಡಿ ತೊಟ್ಟು, ಟೋಪಿಯನ್ನು ಹಿಂದುಮುಂದಾಗಿ ಇಟ್ಟುಕೊಂಡಿದ್ದ.

“ಯಾಕ್ರಿ ತೆಗೀಬೇಕು?”

“ಹಿರಿಯರ ಮುಂದೆ ನಿಂತಿದೀಯ, ಅದಕ್ಕೆ. ಚಡ್ಡೀಲಿ ಊರು ಸುತ್ತೋಕೆ ನಿಮ್ಮ ಮನೇಲಿ ಹೇಳೋರು ಕೇಳೋರು ಇಲ್ವಾ?”

“ನಮ್ಮವ್ವ ಇದಾಳೆ. ಚಡ್ಡಿ ಕೊಡಿಸಿದ್ದೂ ಅವಳೇ.”

“ಹಂಗಾದ್ರೆ ಮೊದಲು ಅವಳಿಗೆ ಬುದ್ಧಿ ಹೇಳ್ಬೇಕು.”

ಯುವಕ ಹಲ್ಲು ಕಿರಿದ. “ನೀವು ರುಮಾಲು ತೆಗೀರಿ, ನಾನು ಟೋಪಿ ತೆಗೀತೀನಿ.”

ಬಸ್ಸಿಗೆ ಬಸ್ಸೇ ನಕ್ಕಿತು. ರುಮಾಲಿನ ಕೆಳಗೆ ಒಂದು ಕೂದಲೂ ಇರಲಿಲ್ಲ. ಕ್ಯಾತಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಗಳು ರೂಪ ಅವನ ತೊಡೆ ಚಿವುಟಿದಳು. “ಅಪ್ಪಾ, ಸುಮ್ಮನಿರು. ಎರಡು ಸಂಬಂಧ ನಿನ್ನ ಬಾಯಿಂದಲೇ ಮುರಿದವು. ಒಬ್ಬರ ಮನೇಲಿ ನೈಟಿ ಸರಿಯಿಲ್ಲ ಅಂದೆ, ಇನ್ನೊಬ್ಬರ ಮನೇಲಿ ಹರಿದ ಜೀನ್ಸ್ ಅಂದೆ. ಇದೂ ತಪ್ಪಿದ್ರೆ ನಾನಂತೂ ಇನ್ನೊಂದು ಮನೆ ಹುಡುಕಲ್ಲ.”

ಕ್ಯಾತಪ್ಪ ಕಿಟಕಿಯತ್ತ ತಿರುಗಿದ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಒಂದು ಶುಭಕಾರ್ಯವೂ ನಡೆದಿರಲಿಲ್ಲ. ಇವತ್ತಿಗೆಂದೇ ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದ. ಅವನ ಮೀಸೆಗೆ ಮಗಳೇ ಕಪ್ಪು ಬಳಿದಿದ್ದಳು. ಎದೆ ಮಾತ್ರ ಬೆಳಗಿನಿಂದ ಡವಡವ ಎನ್ನುತ್ತಿತ್ತು.

ಬಿ.ಜಿ. ಕೆರೆಯಲ್ಲಿ ಇಳಿದರು. ಯುವಕನೂ ಇಳಿದು, ಯಾರದೋ ಬೈಕ್ ಹತ್ತಿ ಮಾಯವಾದ. ಪೀಡೆ ತೊಲಗಿತು ಎಂದುಕೊಂಡ ಕ್ಯಾತಪ್ಪ.

ದಾರಿ ಕೇಳಿಕೊಂಡು, ಸಂಬಂಧ ನೋಡಬೇಕಿದ್ದ ಯರ್ರಮ್ಮನ ಮನೆ ಮುಟ್ಟಿದರು. ಕದ ತಟ್ಟಿದರೆ ತೆಗೆದದ್ದು ಅದೇ ಚಡ್ಡಿ, ಅದೇ ಟೋಪಿ.

“ನಾನು ಯರ್ರಮ್ಮನ ಮಗ, ಮಾರುತೇಶ,” ಎಂದ ಅವನು. ಕಣ್ಣು ರುಮಾಲಿನ ಮೇಲಿತ್ತು. “ನೀವೇನಾ ನಾಯಕನಹಟ್ಟಿಯಿಂದ ಬರೋರು?”

ರೂಪ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂರನೆಯದೂ ಮುರಿಯಿತು!

ಕ್ಯಾತಪ್ಪ ರುಮಾಲು ಮುಟ್ಟಿ ನೋಡಿಕೊಂಡ. ತಿರುಗಿ ಹೋಗಬಹುದಿತ್ತು. ಮನೆಯ ಖಾಲಿ ಅಡುಗೆಕೋಣೆ ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಸೋತು, ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಬೋಳುತಲೆ ಬಿಸಿಲಿಗೆ ಮಿಂಚಿತು.

“ಟೋಪಿ ನಿನಗೆ ಚೆನ್ನಾಗೊಪ್ತೈತೆ ಕಣಪ್ಪಾ,” ಎಂದ. “ಚಡ್ಡೀನೂ... ಗಾಳಿಯಾಡ್ತೈತೆ.”

ಮಾರುತೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಟೋಪಿ ತೆಗೆದು ಅವನ ಕಾಲು ಮುಟ್ಟಿದ. ಆಮೇಲೆ ಒಳಗೆ ತಿರುಗಿ ಕೂಗಿದ:

“ಅವ್ವಾ, ಅಲಂಕಾರ ಸಾಕು, ಹೊರಗೆ ಬಾ. ನಿನ್ನ ನೋಡೋಕೆ ಗಂಡು ಬಂದೈತೆ!”