ಮೂರನೆಯ ಎಂಟು

ಹೋದ ವಾರ ಚೌಕಾಬಾರದಲ್ಲಿ ಭಾವಮೈದ ಜವರಪ್ಪನಿಗೆ ಬಿಟ್ಟೂಬಿಡದೆ ಮೂರು ಎಂಟು ಬಿದ್ದು ತಾನು ಸೋತಾಗ ಚಿಕ್ಕೀರಯ್ಯನಿಗೆ ಅನ್ನವೇ ಸೇರಲಿಲ್ಲ. "ಇನ್ಮೇಲೆ ಸತತ ಮೂರು ಎಂಟು ಹಾಕಿದೋನು ಸೋತಂಗೆ" ಅಂತ ಜಗಳ ತೆಗೆದು ಹೊಸ ಕಟ್ಟಳೆಯನ್ನೇ ಮಾಡಿಬಿಟ್ಟ.

ಇವತ್ತು ಸೋತವನು ಮೀಸೆ ತೆಗೆಸಬೇಕು. ಚಿಕ್ಕೀರಯ್ಯನದು ಮೂವತ್ತು ವರ್ಷ ಹರಳೆಣ್ಣೆ ಕುಡಿದು ಬೆಳೆದ ಮೀಸೆ. ಜವರಪ್ಪನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ಇವನದಕ್ಕೆ ಇನ್ನೂ ಇಪ್ಪತ್ನಾಲ್ಕು.

ಚಿಕ್ಕೀರಯ್ಯ ಕವಡೆ ಕುಲುಕಿ ಎಸೆದ. ನಾಲ್ಕೂ ಬೋರಲು. ಎಂಟು! ಎಂಟು ಬಿದ್ದವನಿಗೆ ಇನ್ನೊಂದು ಸರದಿ. ಮತ್ತೆ ಎಂಟು.

"ಬರೀ ಅದೃಷ್ಟ, ಭಾವ."

"ಅದೃಷ್ಟ ನಿಂದು ಕಣ್ಲಾ. ನಂದು ಕೈಚಳಕ. ಇನ್ನೊಂದು ಎಂಟು ಬೇಕು ತಾನೆ? ಕಣ್ಬಿಟ್ಕೊಂಡು ನೋಡು."

ಎಸೆದ. ನಾಲ್ಕೂ ಬೋರಲಾಗಿಯೇ ಬಿದ್ದವು. ಚಿಕ್ಕೀರಯ್ಯ ಕಾಯಿಯನ್ನು ಎಣಿಸಿ ನಡುಮನೆಗೆ ಕುಟ್ಟಿ ಇಟ್ಟು, ಎರಡೂ ಕೈಯಲ್ಲಿ ಮೀಸೆ ಹುರಿ ಮಾಡಿದ.

"ಈಗೇನಂತೀಯೋ?"

"ಒಪ್ಕೊಂಡೆ ಭಾವ, ಅದೃಷ್ಟ ಅಲ್ಲ, ನಿಮ್ಮ ಕೈಚಳಕನೇ," ಎಂದ ಜವರಪ್ಪ, ಅಡುಗೆಮನೆಯತ್ತ ತಿರುಗಿ ಕೂಗಿದ: "ಅಕ್ಕಾ, ಭಾವ ಮೂರನೇ ಎಂಟೂ ಹಾಕಿದ್ರು. ಕತ್ತರಿ ತಗೊಂಬಾ."